ಸಂಜೆ ರೇಟಿನ ರಾಗಿ

ನಮ್ಮ ಗಿರಣಿಗೆ ಬೋರ್ಡಿಲ್ಲ. ಹಾಕಿದರೂ ಹಿಟ್ಟಿನ ಧೂಳು ಕೂತು ಅಕ್ಷರ ಕಾಣುವುದಿಲ್ಲವೆಂದು ಮಾವನವರು ಇದ್ದಾಗಲೇ ಅದನ್ನು ಕಿತ್ತು ಒಲೆಗೆ ಹಾಕಿದ್ದರು. ರಾಮನಗರದಿಂದ ಮಾಗಡಿ ರಸ್ತೆ ಹಿಡಿದು, ಹಿಪ್ಪುನೇರಳೆ ತೋಟಗಳು ಶುರುವಾಗುವ ಕಡೆ ಒಂದು ಬೇವಿನ ಮರ ಸಿಗುತ್ತದೆ. ಅದರ ಎದುರಿಗೆ ಯಾವ ಮನೆಯ ಬಾಗಿಲು, ಕಿಟಕಿ, ಸೊಳ್ಳೆಪರದೆ ಎಲ್ಲವೂ ಬೆಳ್ಳಗಿವೆಯೋ ಅದು ನಮ್ಮದು. ಮದುವೆಯಾಗಿ ಬಂದ ಮೇಲೆ ನಾನು ಅಲ್ಲಿ ನಿಂತಿದ್ದೇನೆ. ನಿಂತೇ ಇದ್ದೇನೆ ಎನ್ನಬೇಕು. ಗಿರಣಿಯಲ್ಲಿ ಕೂರುವ ಕೆಲಸವಿಲ್ಲ. ಈಗ ರಾತ್ರಿ ಮಲಗಿದರೂ ಕಾಲಿನೊಳಗೆ ಮೋಟರು ಓಡುತ್ತಿರುತ್ತದೆ.

ಊರಿನವರ ದಿನ ಬೆಳಿಗ್ಗೆ ಶುರುವಾದರೆ ಗಿರಣಿಯ ದಿನ ಶುರುವಾಗುತ್ತಿದ್ದದ್ದು ಸಂಜೆ. ಗಾರ್ಮೆಂಟ್ಸಿನ ವ್ಯಾನು ಬೇವಿನ ಮರದ ಕೆಳಗೆ ನಿಂತು ಹೆಂಗಸರನ್ನು ಇಳಿಸಿ ಹೋಗುವುದು, ಅವರು ಮನೆಗೆ ಹೋಗಿ ಬ್ಯಾಗು ಬಿಸಾಕಿ ರಾಗಿ ಡಬ್ಬ ಎತ್ತಿಕೊಂಡು ಬರುವುದು, ನನ್ನ ಜಗುಲಿಯ ಮೇಲೆ ಸಾಲಾಗಿ ಕೂರುವುದು. ಇಡೀ ದಿನ ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿದ ಬೆನ್ನುಗಳು. ಒಬ್ಬಳು ಇನ್ನೊಬ್ಬಳ ಬೆನ್ನಿಗೆ ಬೆನ್ನು ಕೊಟ್ಟು ಕೂತು ಕಣ್ಣು ಮುಚ್ಚುತ್ತಿದ್ದಳು. ಮಿಷನ್ ಓಡುವ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಆದರೂ ಮಾತಾಡುತ್ತಿದ್ದರು. ಸೂಪರ್‌ವೈಸರನ್ನು ಬೈಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ.

ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು. ನಮ್ಮ ಕಡೆ ರಾಗಿಯನ್ನು ಗಿರಣಿಗೆ ಕೊಟ್ಟು ಹೋಗುವ ಪದ್ಧತಿ ಇಲ್ಲ. ರಾಗಿ ಯಾರದೋ ಅವರು ಪಕ್ಕದಲ್ಲಿ ನಿಲ್ಲಬೇಕು. ತಮ್ಮ ಕಣ್ಣೆದುರಿಗೇ ಅದು ಮೇಲಿನ ಬಾಯಿಗೆ ಬೀಳಬೇಕು, ಕೆಳಗೆ ಬಟ್ಟೆಯ ತೋಳಿನಿಂದ ಬಿಸಿಬಿಸಿ ಹಿಟ್ಟು ಇಳಿಯುವಾಗ ಕೈಯೊಡ್ಡಿ ಬೆರಳ ನಡುವೆ ಉಜ್ಜಿ ನೋಡಬೇಕು, "ಇನ್ನ ಒಸಿ ನುಣ್ಗೆ ಬರ್ಲಿ ಕಣಕ್ಕ" ಅನ್ನಬೇಕು. ಹಿಂದಿನವರ ಹಿಟ್ಟು ಕಲ್ಲಿನೊಳಗೆ ಉಳಿದಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಅದಕ್ಕೆ ಯಾರೂ ಜಗಳ ತೆಗೆಯುವುದಿಲ್ಲ. ಆದರೆ ತಾವಿಲ್ಲದಾಗ ಬೀಸಿದ ಹಿಟ್ಟನ್ನು ತಮ್ಮ ಹಿಟ್ಟು ಎಂದು ಒಪ್ಪಿಕೊಳ್ಳುವುದಿಲ್ಲ. ಅತ್ತೆಯಂದಿರು ಸೊಸೆಯರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು. ನನಗೂ ಗುಡೇಮಾರನಹಳ್ಳಿಯಲ್ಲಿ ನನ್ನ ತಾಯಿ ಇದನ್ನೇ ಕಲಿಸಿದ್ದಳು. ಗಿರಣಿಯವಳೇ ಆಗುತ್ತೇನೆಂದು ಆಗ ಅವಳಿಗೂ ಗೊತ್ತಿರಲಿಲ್ಲ.

ಸಂಜೆಯ ಆ ಸಾಲಿನಲ್ಲಿ ಹಿಂದಿನ ಬೀದಿಯ ಬಾಡಿಗೆ ಮನೆಯವಳೊಬ್ಬಳಿದ್ದಳು. ತವರು ಬೈರಮಂಗಲದ ಕಡೆ. ಗಂಡ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ. ಎರಡು ಮಕ್ಕಳು, ಅಂಗೈಯಗಲ ಭೂಮಿ ಇಲ್ಲ, ತರುತ್ತಿದ್ದದ್ದು ರೇಷನ್ ರಾಗಿ. ರೇಷನ್ ರಾಗಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಎಲ್ಲೆಲ್ಲಿಯದೋ ರಾಗಿ ಒಂದೇ ಚೀಲಕ್ಕೆ ಬಂದಿರುತ್ತದೆ, ಅಷ್ಟೇ. ಮುದ್ದೆ ಕಟ್ಟಿದರೆ ಒಂದೊಂದು ಸಲ ಬಿರುಕು ಬಿಡುತ್ತದೆ. ಅವಳು ಅದನ್ನು ಎಷ್ಟು ಚೆನ್ನಾಗಿ ಕೇರಿ ತರುತ್ತಿದ್ದಳೆಂದರೆ ನನ್ನ ಕಲ್ಲಿಗೆ ಅವಳ ರಾಗಿಯಿಂದ ಒಂದು ದಿನವೂ ಪೆಟ್ಟು ಬಿದ್ದಿಲ್ಲ. ಬರುವಾಗಲೇ ನಗುತ್ತ ಬರುವವಳು. ಸುಸ್ತಾದಾಗ ಇನ್ನೂ ಹೆಚ್ಚು ನಗುತ್ತಿದ್ದಳು. ನನಗೆ ಅವಳನ್ನು ಕಂಡರೆ ಇಷ್ಟ, ಅದನ್ನು ಯಾಕೆ ಮುಚ್ಚಿಡಲಿ.

ಇನ್ನೊಬ್ಬಳು ಮೂಲೆ ಮನೆಯ ಸೊಸೆ. ಹೊಲ ಇರುವ ಮನೆ, ವರ್ಷಕ್ಕಾಗುವಷ್ಟು ರಾಗಿ ಮನೆಯಲ್ಲೇ ಇರುತ್ತದೆ. ಆದರೂ ಕೈಗೊಂದು ಸಂಬಳ ಇರಲಿ ಎಂದು ಅವಳೂ ಅದೇ ವ್ಯಾನಿನಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಕೆಟ್ಟವಳಲ್ಲ, ನಾಲಿಗೆ ಮಾತ್ರ ಚೂಪು. ಫ್ಯಾಕ್ಟರಿಯವರು ಒಂದು ಆಯುಧಪೂಜೆಗೆ ಎಲ್ಲರಿಗೂ ಒಂದೇ ಥರದ ಸ್ಟೀಲ್ ಡಬ್ಬ ಕೊಟ್ಟಿದ್ದರು. ಆಮೇಲೆ ನಮ್ಮ ಜಗುಲಿಯ ಮೇಲೆ ಬರುತ್ತಿದ್ದದ್ದೆಲ್ಲ ಅದೇ ಡಬ್ಬ. ಅದೇ ಮುಚ್ಚಳ, ಅದೇ ಹಿಡಿ. ಆಗ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ, ಯಾಕೆಂದರೆ ಪ್ರತಿ ಡಬ್ಬದ ಪಕ್ಕದಲ್ಲಿ ಅದರ ಯಜಮಾನಿ ಇರುತ್ತಿದ್ದಳು.

ಹೀಗಿರುವಾಗ ಗಿರಣಿಗೆ ಹೊಸ ಮೀಟರು ಬಂತು. ಹಳೆಯದು ಎಷ್ಟು ಓಡಿದೆ ಎಂದು ಮಾತ್ರ ನೋಡುತ್ತಿತ್ತು. ಇದು ಯಾವ ಹೊತ್ತಿನಲ್ಲಿ ಓಡಿದೆ ಎಂದೂ ನೋಡುತ್ತದೆ. ಕೂರಿಸಲು ಬಂದ ಹುಡುಗ ಬೆವರು ಒರೆಸಿಕೊಳ್ಳುತ್ತ ಹೇಳಿದ.

"ಅಕ್ಕಾ, ಇನ್ಮೇಲೆ ಬಿಸ್ಲಿರೋ ಹೊತ್ನಲ್ಲಿ ಓಡ್ಸಿದ್ರೆ ನಿಮ್ಗೆ ಯೂನಿಟ್ ಕಮ್ಮಿಗೆ ಬೀಳ್ತದೆ. ಸಂಜೆ ದೀಪ ಹಚ್ಚೋ ಹೊತ್ನಲ್ಲಿ ಓಡ್ಸಿದ್ರೆ ಜಾಸ್ತಿ."

"ನನ್ ಮಿಷನ್ ಓಡೋದೇ ಸಂಜೆ ಕಣಪ್ಪ."

"ಅದಕ್ಕೇ ಹೇಳ್ತಿರೋದು, ಹಗಲಿಗೆ ಆಕ್ಕೊಳಿ. ಈಗ ಎಲ್ಲಾ ಕಡೆ ಸೋಲಾರ್ ಬಂದ್ಬುಟ್ಟೈತಲ್ಲ. ಮಧ್ಯಾಹ್ನ ಕರೆಂಟ್ ಬೇಕಾದಂಗೆ ಐತೆ. ಸಂಜೆ ಸೂರ್ಯ ಮುಳುಗ್ತಾನೆ, ಅದೇ ಹೊತ್ಗೆ ಊರೆಲ್ಲ ಸ್ವಿಚ್ ಆಕ್ತದೆ. ಆವಾಗ ಕಲ್ಲಿದ್ದಲು ಸುಡ್ಬೇಕು, ಇಲ್ಲ ಹೊರಗಿಂದ ಕೊಂಡ್ಕಬೇಕು. ಅದು ದುಬಾರಿ."

ಅವನು ಹೇಳಿದ್ದು ಅರ್ಥವಾಗಲಿಲ್ಲವೆಂದಲ್ಲ. ಮಾಗಡಿಗೆ ಹೋಗುವಾಗ ಬಸ್ಸಿನಿಂದಲೇ ಕಾಣುತ್ತದೆ, ಮೊದಲು ಅವರೆ, ಹುರುಳಿ ಬೆಳೆಯುತ್ತಿದ್ದ ಒಂದು ಇಳಿಜಾರಿನ ತುಂಬ ಕರಿ ಹಲಗೆಗಳು ಆಕಾಶ ನೋಡುತ್ತ ಮಲಗಿವೆ. ಅವು ಬಂದಾಗ ಕರೆಂಟು ಅಗ್ಗವಾಗುತ್ತದೆ ಎಂದು ಎಲ್ಲರೂ ಹೇಳಿದ್ದರು, ಅಗ್ಗವಾಗಿಯೂ ಇತ್ತು. ಆದರೆ ಹಾಗೆ ಹೇಳಿದವರು ಹೊತ್ತು ಹೇಳಿರಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ್ದರಿಂದ ಗಂಡನ ಮೇಲೆ ತೀರಿಸಿಕೊಂಡೆ.

ಅವರು ರೇಷ್ಮೆ ಹುಳು ಸಾಕುವ ಮನುಷ್ಯ. ಹುಳುಗಳ ಜೊತೆ ಇದ್ದು ಇದ್ದು ಅವರಿಗೆ ಯಾವುದಕ್ಕೂ ಅವಸರವಿಲ್ಲ. ಸೊಪ್ಪು ಕತ್ತರಿಸುತ್ತಲೇ ಹೇಳಿದರು.

"ನೀನು ಗೂಡಿನ ಮಾರ್ಕೆಟ್ ನೋಡಿಲ್ವಾ? ಎಲ್ರ ಗೂಡೂ ಒಂದೇ ದಿವ್ಸ ಬಂದ್ ಬಿದ್ರೆ ರೇಟ್ ಏನಾಯ್ತದೆ?"

"ಬಿದ್ದೋಯ್ತದೆ."

"ಬಿದ್ದೋಯ್ತು ಅಂತ ಗೂಡು ವಾಪಸ್ ತಂದು ಮನೇಲಿ ಇಟ್ಕಳಕಾದದಾ? ಚಿಟ್ಟೆ ತೂತ ಮಾಡ್ಕಂಡು ಎದ್ದೋಯ್ತದೆ. ಬಂದಷ್ಟಕ್ಕೆ ಕೊಟ್ ಬರ್ಬೇಕು. ಮಧ್ಯಾಹ್ನದ ಕರೆಂಟೂ ಅಂಗೇಯ. ಎಲ್ರ ಬಿಸ್ಲೂ ಒಂದೇ ಹೊತ್ಗೆ ಮಾರ್ಕೆಟ್ಗೆ ಬತ್ತದೆ, ಇಟ್ಕಳಕೆ ಜಾಗ ಇಲ್ಲ. ಸಂಜೆ ಮಾರ್ಕೆಟ್ಟಲ್ಲಿ ಗೂಡೇ ಇರಕಿಲ್ಲ, ಕೊಂಡ್ಕಳೋರು ಮಾತ್ರ ಸಾಲಾಗಿ ನಿಂತವ್ರೆ. ರೇಟ್ ಏರ್ದೆ ಇನ್ನೇನಾದದು?"

ಈ ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತು ಕೇಳಿದರೆ ಇನ್ನೂ ಸುಸ್ತಾಗುವ ವಯಸ್ಸು ನನ್ನದು.

ಮನೆಯ ಮೇಲೆ ಪ್ಯಾನೆಲ್ ಹಾಕಿಸಿ ಎಂದು ಒಬ್ಬ ಸೂಟ್‌ಕೇಸು ಹಿಡಿದು ಬಂದಿದ್ದ. ಬಿಸಿಲು ಪುಕ್ಕಟೆ ಮೇಡಂ ಎಂದ. ನನ್ನ ಪ್ಯಾನೆಲ್ ಕರೆಂಟು ಕೊಡುವುದು ಯಾವಾಗ ಎಂದು ಕೇಳಿದೆ. ಮಧ್ಯಾಹ್ನ ಎಂದ. ನಿಮಗೆ ಬೇಡದ್ದನ್ನು ಲೈನಿಗೆ ಬಿಡಬಹುದು, ಅದಕ್ಕೊಂದು ರೇಟು ಕೊಡುತ್ತಾರೆ ಎಂದ. ಸಂಜೆ ನಾನು ತೆಗೆದುಕೊಳ್ಳುವುದಕ್ಕೂ ಅದೇ ರೇಟೇ ಎಂದು ಕೇಳಿದರೆ ಕಾಫಿ ಚೆನ್ನಾಗಿದೆ ಎಂದ. ಬ್ಯಾಟರಿ ಇಟ್ಟುಕೊಂಡರೆ ಸಂಜೆಗೂ ಆಗುತ್ತದೆ ಎಂದು ಹೋಗುವಾಗ ಹೇಳಿದ. ಆ ಬ್ಯಾಟರಿಯ ಬೆಲೆ ಕೇಳಿ ನಮ್ಮವರು ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಿದ್ದನ್ನು ನಾನು ಮೊದಲ ಸಲ ಕಂಡೆ.

ಬೀಸುವ ಕೂಲಿ ಏರಿಸಬೇಕು, ಇಲ್ಲವೇ ಹೊತ್ತು ಬದಲಿಸಬೇಕು. ಮೊದಲು ಏರಿಸುವ ಮಾತೆತ್ತಿ ನೋಡಿದೆ. ಜಗುಲಿಯ ಮೇಲಿದ್ದವರೆಲ್ಲ ಒಟ್ಟಿಗೆ ನನ್ನ ಮೇಲೆ ಬಿದ್ದರು.

"ಏನಕ್ಕಾ, ಕರೆಂಟ್ ಫ್ರೀ ಅಲ್ವಾ? ನಮ್ ಮನೆಗೆ ಬಿಲ್ಲೇ ಬರಕಿಲ್ಲ!"

"ಮನೇಗೆ ಫ್ರೀ ಕಣ್ರವ್ವಾ, ಗಿರಣಿಗಲ್ಲ."

"ಅದೇ ಕಂಬ, ಅದೇ ತಂತಿ. ನಮ್ಗೆ ಫ್ರೀ, ನಿಮ್ಗೆ ದುಡ್ಡಾ? ಯಾರಿಗ್ ಏಳ್ತೀರಿ ಕತೆ!" ಮೂಲೆ ಮನೆ ಸೊಸೆ ಕೈಯಾಡಿಸಿದಳು.

ಬಿಲ್ಲು ತೋರಿಸಬಹುದಿತ್ತು. ತೋರಿಸುವುದಕ್ಕೆ ಬೇಜಾರಾಯಿತು. ಗಿರಾಕಿಗೆ ಬಿಲ್ಲು ತೋರಿಸಿ ನಂಬಿಸುವ ಸ್ಥಿತಿ ಬಂದರೆ ಮಿಷನ್ನನ್ನು ಗುಜರಿಗೆ ಹಾಕುವುದೇ ವಾಸಿ ಅನ್ನಿಸಿತು. ಅದಕ್ಕೇ ಇನ್ನೊಂದು ದಾರಿ ಹೇಳಿದೆ. ಬೆಳಿಗ್ಗೆ ವ್ಯಾನು ಹತ್ತುವಾಗ ಡಬ್ಬಗಳನ್ನು ಜಗುಲಿಯ ಮೇಲೆ ಸಾಲಾಗಿ ಇಟ್ಟು ಹೋಗಿ. ಬಿಸಿಲಿನ ಹೊತ್ತಿನಲ್ಲಿ ನಾನು ಬೀಸಿಟ್ಟಿರುತ್ತೇನೆ. ಸಂಜೆ ಇಳಿದವರೇ ಎತ್ತಿಕೊಂಡು ಹೋಗಿ. ಕೂಲಿ ಹಳೆಯದೇ.

ಅಷ್ಟು ಹೆಂಗಸರು ಒಟ್ಟಿಗೆ ಸುಮ್ಮನಾದದ್ದನ್ನು ನಾನು ಸಾವಿನ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ನಮ್ಮ ರಾಗಿಯನ್ನು ಬಿಟ್ಟು ಹೋಗುವುದೇ ಎಂಬ ಮಾತು ಎಲ್ಲರ ಮುಖದಲ್ಲೂ ಇತ್ತು, ಬಾಯಿಗೆ ಬರಲಿಲ್ಲ, ನನಗೆ ನೋವಾಗುತ್ತದೆಂದು. ಆಗ ಹಿಂದಿನ ಬೀದಿಯವಳು ನಕ್ಕಳು.

"ನಾನು ಬುಟ್ಟು ಓಯ್ತೀನಿ ಕಣಕ್ಕ. ನೀವೇನು ನನ್ ರಾಗಿ ತಿಂದ್ಬುಡ್ತೀರಾ? ಸಂಜೆ ಇಲ್ಲಿ ನಿಂತ್ಕಳೋ ಹೊತ್ಗೆ ನನ್ ಮಕ್ಳ ತಲೆ ಬಾಚ್ಬೋದು."

ಮಾರನೆಯ ದಿನ ಮೊದಲ ಡಬ್ಬ ಅವಳದೇ. ಅವಳು ಇಟ್ಟಳೆಂದು ಇನ್ನೊಬ್ಬಳು ಇಟ್ಟಳು, ಕೊನೆಗೆ ಮೂಲೆ ಮನೆಯವಳೂ ಇಟ್ಟಳು. ಜಗುಲಿಯ ಮೇಲೆ ಬೆಳಿಗ್ಗೆ ಡಬ್ಬಗಳ ಸಾಲು ನೋಡಿ ನನಗೆ ಖುಷಿಯಾಯಿತು. ನಂಬಿಕೊಂಡು ಹೋದರಲ್ಲ ಎಂದು.

ಹಗಲಿನಲ್ಲಿ ಒಬ್ಬಳೇ ಬೀಸುವುದು ಮಾತ್ರ ಬೇರೆಯೇ ಕೆಲಸವಾಗಿತ್ತು. ತಗಡಿನ ಮಾಡು ಕಾದು ಹಿಟ್ಟಿನ ಬಿಸಿಯೂ ಸೇರಿ ತಲೆ ಸುತ್ತುತ್ತಿತ್ತು. ಚನ್ನಪಟ್ಟಣದಿಂದ ಕಲ್ಲಿಗೆ ಉಳಿ ಹೊಡೆಯಲು ಬರುವ ಮುದುಕ, "ಏನವ್ವಾ, ಗಿರಾಕಿಗೋಳ್ನೆಲ್ಲ ಓಡ್ಸ್ಬುಟ್ಟಾ?" ಎಂದು ತಮಾಷೆ ಮಾಡಿದ. ಹಿಟ್ಟು ನುಣ್ಣಗಿದೆಯೇ ಎಂದು ಕೇಳಲು ಯಾರೂ ಇಲ್ಲ. ಯಾರ ಮನೆಯದು ಹೇಗಿರಬೇಕೆಂದು ನನಗೆ ಗೊತ್ತಿತ್ತು, ಆದರೂ ಬೆರಳಿಟ್ಟು ನೋಡುವಾಗ ಯಾರಿಗೋ ಸೇರಿದ ಕೆಲಸವನ್ನು ನಾನು ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಸಂಜೆ ವ್ಯಾನಿಂದ ಇಳಿದವರು ಡಬ್ಬ ಎತ್ತಿಕೊಂಡು, ದುಡ್ಡು ಕಿಟಕಿಯಲ್ಲಿಟ್ಟು, "ಬತ್ತೀನಿ ಕಣಕ್ಕ" ಎಂದು ಹೋಗಿಬಿಡುತ್ತಿದ್ದರು. ಜಗುಲಿ ಖಾಲಿ. ಬಿಲ್ಲು ಇಳಿಯಿತು. ಅದು ಇಳಿದ ದಿನ ಸಂತೋಷಪಡಬೇಕಾಗಿತ್ತು. ನಾನು ಎದ್ದು ಹೋಗಿ ಖಾಲಿ ಜಗುಲಿಯ ಮೇಲೆ ಕೂತುಕೊಂಡೆ.

ಹೀಗೆ ಒಂದಷ್ಟು ವಾರ ಕಳೆದವು. ಬೇಸಿಗೆ ಬಲಿತಿತ್ತು. ಒಂದು ದಿನ ಕನಕಪುರದಲ್ಲಿ ನನ್ನ ತಂಗಿಯ ಮನೆಯಲ್ಲಿ ಕಾರ್ಯವಿತ್ತು. ಡಬ್ಬಗಳನ್ನೆಲ್ಲ ಬೇಗನೆ ಬೀಸಿ, ಯಾರು ಎಲ್ಲಿಟ್ಟಿದ್ದರೋ ಅಲ್ಲೇ ಇಟ್ಟು ಬಸ್ಸು ಹತ್ತಿದೆ. ಗಿರಣಿ ನೋಡಿಕೊಳ್ಳಿ ಎಂದು ನಮ್ಮವರಿಗೆ ಹೇಳಿದ್ದೆ. ಅವರು ನೋಡಿಕೊಂಡರು. ಮಧ್ಯಾಹ್ನದ ಬಿಸಿಲು ಸರಿಯುತ್ತ ಸರಿಯುತ್ತ ಜಗುಲಿಯ ಮೇಲೆ ಬಂದಾಗ, ಸ್ಟೀಲು ಕಾದು ಹಿಟ್ಟು ಮುಗ್ಗಲು ಹಿಡಿದೀತೆಂದು ಒಂದೊಂದೇ ಡಬ್ಬ ಎತ್ತಿ ನೆರಳಿಗೆ ಇಟ್ಟರು. ಹುಳುವಿನ ತಟ್ಟೆಗಳನ್ನು ಸರಿಸುವ ಹಾಗೆ, ತುಂಬ ಜೋಪಾನವಾಗಿ. ಬಿಸಿಲು ಹೋದ ಮೇಲೆ ವಾಪಸ್ ಸಾಲಾಗಿ ಇಟ್ಟರು. ಸಾಲು ನೆಟ್ಟಗಿತ್ತು. ಯಾವುದು ಎಲ್ಲಿತ್ತು ಎಂಬುದು ಮಾತ್ರ ಅವರಿಗೆ ನೆನಪಿರಲಿಲ್ಲ, ನೆನಪಿಡಬೇಕೆಂದು ಅವರಿಗೆ ಗೊತ್ತೂ ಇರಲಿಲ್ಲ.

ನಾನು ಕನಕಪುರದಿಂದ ಬಂದದ್ದು ಮಾರನೆಯ ದಿನ. ಸಂಜೆ ವ್ಯಾನು ಬಂದಾಗ ಮೂಲೆ ಮನೆ ಸೊಸೆ ಮರದ ಕೆಳಗೇ ಹಿಂದಿನ ಬೀದಿಯವಳ ಬ್ಯಾಗು ಹಿಡಿದು ನಿಲ್ಲಿಸಿದ್ದಳು. ವ್ಯಾನಿನಲ್ಲೇ ಶುರುವಾಗಿ ದಾರಿಯುದ್ದಕ್ಕೂ ನಡೆದಿದ್ದ ಜಗಳ ಅದು.

"ನಮ್ಮೊಲದ ರಾಗಿ ಹೆಂಗಿರ್ತದೆ ಅಂತ ನಂಗೊತ್ತಿಲ್ವಾ? ನೆನ್ನೆ ಮುದ್ದೆ ತಟ್ಟೇಲೇ ಒಡ್ಕಂಡ್ ಬಿತ್ತು. ನಮ್ಮಾವ ಊಟ ಬುಟ್ಟು ಎದ್ದೋದ್ರು. ಅದು ರೇಷನ್ ರಾಗಿ. ರೇಷನ್ ರಾಗಿ ಇಡೋಳು ಇಲ್ಲಿ ನೀನೊಬ್ಳೆ. ಮೊದ್ಲು ಇಳ್ದೋಳೂ ನೀನೆ, ಡಬ್ಬ ಎತ್ಕಂಡೋಳೂ ನೀನೆ. ಬದ್ಲಾಯಿಸ್ಕಂಡಿದ್ದೀಯ ನೀನು!"

ಎಲ್ಲರೂ ನಿಂತು ನೋಡುತ್ತಿದ್ದರು. ಹಿಂದಿನ ಬೀದಿಯವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ, ಏನೋ ಈಗ ತಾನೇ ಅರ್ಥವಾದ ಹಾಗೆ ಇತ್ತು.

"ಉಣ್ಣೋವಾಗ್ಲೆ ಗೊತ್ತಾಯ್ತು ಕಣಕ್ಕ, ಇದು ನಮ್ಮ ಇಟ್ಟಲ್ಲ ಅಂತ. ಮಕ್ಳು ಇನ್ನೊಂದು ತುತ್ತು ಕೇಳಿದ್ವು. ನೀವು ಒಳ್ಳೇ ರಾಗಿ ಒಸಿ ಬೆರ್ಸಿ ಕೊಟ್ಟಿದ್ದೀರ ಅಂದ್ಕಂಡೆ. ಅಕ್ಕ ಬಾಯ್ಬುಟ್ಟು ಏಳ್ದೇನೇ ಕೊಟ್ಟವ್ರೆ, ಕೇಳಿದ್ರೆ ಬೇಜಾರ್ ಮಾಡ್ಕತಾರೆ ಅಂತ ಸುಮ್ಕಿದ್ದೆ."

ಇಷ್ಟು ವರ್ಷದಲ್ಲಿ ನಾನು ಅವಳಿಗೆ ಒಂದು ಹಿಡಿ ಹಿಟ್ಟು ಹೆಚ್ಚಾಗಿ ಕೊಟ್ಟವಳಲ್ಲ. ಕೊಡಬಹುದೆಂದು ಅವಳು ನಂಬಿದ್ದಳು.

ನಮ್ಮವರು ಹೊರಗೆ ಬಂದು, ಡಬ್ಬ ಸರಿಸಿದವನು ನಾನು, ಅವಳದೇನೂ ತಪ್ಪಿಲ್ಲ ಎಂದು ಎಲ್ಲರೆದುರಿಗೆ ಹೇಳಿದರು. ನಾನೂ ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ, ಮೂಲೆ ಮನೆಯವಳಿಗೆ ಬಾಯಿಗೆ ಬಂದದ್ದೂ ಅಂದೆ. ಅವಳು "ಆಯ್ತು ಬುಡಿ, ನಂಗೇನ್ ಗೊತ್ತು" ಎಂದು ಬ್ಯಾಗು ಬಿಟ್ಟಳು. ಹಿಂದಿನ ಬೀದಿಯವಳು ಮನೆಗೆ ಹೋಗಿ ಡಬ್ಬ ತಂದು, ಉಳಿದಿದ್ದ ಹಿಟ್ಟನ್ನು ಮೂಲೆ ಮನೆಯವಳ ಕೈಗೆ ಕೊಟ್ಟಳು. ಒಂದು ರಾತ್ರಿಯ ಊಟದಷ್ಟು ಕಮ್ಮಿಯಿತ್ತು. "ತಿಂದ್ಬುಟ್ಟಿದ್ದೀವಿ" ಎಂದಳು, ಅಷ್ಟೇ. ಆಮೇಲೆ ಅವಳ ಡಬ್ಬ ನಮ್ಮ ಜಗುಲಿಗೆ ಬರಲಿಲ್ಲ.

ಅವಳೊಬ್ಬಳೇ ಅಲ್ಲ, ಯಾರೂ ಡಬ್ಬ ಬಿಟ್ಟು ಹೋಗಲಿಲ್ಲ. ತಪ್ಪು ಯಾರದೆಂದು ಗೊತ್ತಾದ ಮೇಲೂ, ಕಣ್ಣೆದುರಿಗಿಲ್ಲದ ರಾಗಿ ಹೀಗೇ ಆಗುವುದು ಎಂದು ಎಲ್ಲರ ಅತ್ತೆಯಂದಿರೂ ಗೆದ್ದರು. ನಾನು ಸೋತು ಇನ್ನೊಂದು ಏರ್ಪಾಡು ಮಾಡಿದೆ. ಭಾನುವಾರ ಮಧ್ಯಾಹ್ನ ಹಳೆಯ ಕೂಲಿಗೇ ಬೀಸುತ್ತೇನೆ, ಅವತ್ತು ಗಾರ್ಮೆಂಟ್ಸಿಗೆ ರಜ, ಬಂದು ಪಕ್ಕದಲ್ಲೇ ನಿಂತುಕೊಳ್ಳಿ. ವಾರದ ದಿನ ಸಂಜೆಯೇ ಬೇಕೆಂದರೆ ಸಂಜೆಯ ರೇಟು ಕೊಡಿ. ಮಿಕ್ಕವರೆಲ್ಲ ಭಾನುವಾರಕ್ಕೆ ಬಂದರು. ಬಟ್ಟೆ ಒಗೆದು, ಮಕ್ಕಳ ತಲೆಗೆ ನೀರು ಹಾಕಿ, ಎಲ್ಲ ಮುಗಿಸಿ ಒಂದು ಗಳಿಗೆ ಮಲಗುತ್ತಿದ್ದ ಹೊತ್ತು ಅದು. ಈಗ ಆ ಹೊತ್ತಿನಲ್ಲಿ ಕಾದ ತಗಡಿನ ಕೆಳಗೆ ಡಬ್ಬ ಹಿಡಿದು ನಿಂತಿದ್ದರು. ಒಬ್ಬಳು ಗೋಡೆಗೊರಗಿ ನಿಂತಲ್ಲೇ ತೂಕಡಿಸಿದಳು. ಕರೆಂಟು ಅಗ್ಗವಾಗಿಯೇ ಸಿಗುತ್ತಿತ್ತು, ಅದಕ್ಕೆ ಬದಲಾಗಿ ಇವರ ವಾರದ ಒಂದೇ ಒಂದು ನಿದ್ದೆ ಹೋಗುತ್ತಿತ್ತು. ಮೊದಲಿನ ಮಾತು, ಬೈಗುಳ ಯಾವುದೂ ಇರಲಿಲ್ಲ. ಬೇಗ ಬೀಸಿ ಕಳಿಸಿ ಎನ್ನುವುದೊಂದೇ.

ಹಿಂದಿನ ಬೀದಿಯವಳು ಭಾನುವಾರವೂ ಬರಲಿಲ್ಲ. ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಕೊಳ್ಳುತ್ತಿದ್ದಾಳೆಂದು ಗೊತ್ತಾಯಿತು. ರೇಷನ್ ರಾಗಿ ಮನೆಯಲ್ಲಿ ಚೀಲದಲ್ಲೇ ಇದೆ, ದುಡ್ಡು ಕೊಟ್ಟು ಪ್ಯಾಕೆಟ್ ತರುತ್ತಾಳೆ. ನಾನು ಅವಳ ಮನೆಗೇ ಹೋದೆ. ಒಳಗೆ ಕರೆದಳು, ಕಾಫಿ ಕೊಟ್ಟಳು.

"ಬಾರವ್ವಾ ಗಿರಣಿಗೆ. ಯಾರೂ ಏನೂ ಅಂದ್ಕಂಡಿಲ್ಲ."

"ಅಂದ್ಕಂಡಿಲ್ಲ ಕಣಕ್ಕ. ವ್ಯಾನಲ್ಲಿ ನಾನು ಕೂತ್ರೆ ಬ್ಯಾಗನ್ನ ಒಸಿ ಅತ್ಲಾಗ್ ಎಳ್ಕತಾರೆ, ಅಷ್ಟೇಯ. ಅವ್ರಿಗೂ ಗೊತ್ತಾಗಕಿಲ್ಲ ಎಳ್ಕಂಡಿದ್ದು."

ಕಾಫಿ ಕುಡಿದು ಎದ್ದು ಬಂದೆ. ಬರುವ ದಾರಿಯಲ್ಲಿ ಮೀಟರನ್ನೂ, ಪ್ಯಾನೆಲ್ಲನ್ನೂ, ಸೂರ್ಯನನ್ನೂ, ಕೊನೆಗೆ ಆ ಸ್ಟೀಲ್ ಡಬ್ಬ ಕೊಟ್ಟ ಪುಣ್ಯಾತ್ಮರನ್ನೂ ಮನಸ್ಸಿನಲ್ಲೇ ಬೈದುಕೊಂಡೆ. ಬೈದು ಬೈದು ಸಾಕಾಯಿತು. ಅವರಲ್ಲಿ ಯಾರೂ ಅವಳನ್ನು ಕಳ್ಳಿ ಎಂದಿರಲಿಲ್ಲ.

ಮಳೆ ಹಿಡಿಯುವ ಮುಂಚೆ ಒಂದು ಸಂಜೆ. ಮಿಷನ್ ನಿಂತೇ ಇತ್ತು, ನಾನು ಜಗುಲಿ ಗುಡಿಸುತ್ತಿದ್ದೆ. ವಾರದ ಸಂಜೆಗಳಲ್ಲಿ ಯಾರೂ ಬರುತ್ತಿರಲಿಲ್ಲ, ಸಂಜೆಯ ರೇಟು ಯಾರಿಗೂ ಬೇಡ. ವ್ಯಾನು ಬಂದು ನಿಂತಿತು, ಹೆಂಗಸರು ಇಳಿದರು. ಕೊನೆಯಲ್ಲಿ ಅವಳು ಇಳಿದಳು. ಕಂಕುಳಲ್ಲಿ ಆ ಸ್ಟೀಲ್ ಡಬ್ಬ.

ಮನೆಗೆ ಹೋಗಿ ತಂದದ್ದಲ್ಲ. ಬೆಳಿಗ್ಗೆಯೇ ರಾಗಿ ತುಂಬಿಕೊಂಡು ಫ್ಯಾಕ್ಟರಿಗೆ ಒಯ್ದಿದ್ದಳು. ಗೇಟಿನಲ್ಲಿ ಸೆಕ್ಯೂರಿಟಿಯವನು ಮುಚ್ಚಳ ತೆಗೆಸಿ, ರಾಗಿಯೊಳಗೆ ಕೈ ಹಾಕಿ ನೋಡಿದನಂತೆ. ಇಡೀ ದಿನ ಅವಳ ಕಾಲ ಬಳಿ, ಮಿಷನ್ನಿನ ಕೆಳಗೆ ಅದು ಇತ್ತಂತೆ. ವ್ಯಾನಿನಲ್ಲಿ ಎಲ್ಲರೆದುರಿಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ಇದನ್ನೆಲ್ಲ ನನಗೆ ಆಮೇಲೆ ಹೇಳಿದವಳು ಮೂಲೆ ಮನೆಯ ಸೊಸೆ. ಹೇಳುವಾಗ ಅವಳ ನಾಲಿಗೆ ಚೂಪಾಗಿರಲಿಲ್ಲ.

ಹಿಂದಿನ ಬೀದಿಯವಳು ನೆಟ್ಟಗೆ ಜಗುಲಿ ಹತ್ತಿದಳು.

"ಮಿಷನ್ ಆಕಿ ಅಕ್ಕ."

"ಈಗ ಬ್ಯಾಡ ಕಣವ್ವ, ಸಂಜೆ ರೇಟು ಜಾಸ್ತಿ. ಭಾನ್ವಾರ ಬಾ, ನಿಂಗೆ ಮೊದ್ಲು ಬೀಸಿ ಕೊಡ್ತೀನಿ."

"ಭಾನ್ವಾರ ಬ್ಯಾಡ. ಇವತ್ತೇ ಬೀಸಿ. ಇವ್ರೆಲ್ಲ ಇಲ್ಲೇ ಅವ್ರಲ್ಲ, ನೋಡ್ಲಿ."

ನಾನು ಸ್ವಿಚ್ ಹಾಕಿದೆ. ಮನೆಗೆ ಹೊರಟಿದ್ದವರು ನಿಂತರು. ಮೂಲೆ ಮನೆಯವಳೂ ನಿಂತಳು. ಮುಚ್ಚಳ ತೆಗೆದು ಅವಳೇ ರಾಗಿ ಸುರಿದಳು, ನಾನು ಮುಟ್ಟಲಿಲ್ಲ. ಕೆಳಗೆ ಬಟ್ಟೆಯ ತೋಳಿನ ಬಾಯಿಗೆ ಕೈಯೊಡ್ಡಿ ನಿಂತಳು. ಹಿಟ್ಟು ಇಳಿಯಿತು, ಬೆರಳಲ್ಲಿ ಉಜ್ಜಿ ನೋಡಿದಳು, ಇನ್ನೂ ನುಣ್ಣಗೆ ಬರಲಿ ಎಂದು ಹೇಳಲಿಲ್ಲ. ಮಿಷನ್ ನಿಂತ ಮೇಲೆ ಒಂದು ಹಿಡಿ ತೆಗೆದು ಮೂಲೆ ಮನೆಯವಳ ಮುಂದೆ ಹಿಡಿದಳು.

"ನೋಡಿ ಅಕ್ಕಾ. ನಮ್ದು ಇದು."

ಮೂಲೆ ಮನೆಯವಳು ನೋಡಲಿಲ್ಲ. ತಲೆ ತಗ್ಗಿಸಿ, "ಉಂ" ಎಂದಳು. ಇವಳು ಹಿಡಿಯಲ್ಲಿದ್ದದ್ದನ್ನು ವಾಪಸ್ ಡಬ್ಬಕ್ಕೆ ಹಾಕಿ, ಕೈಗೆ ಅಂಟಿದ್ದನ್ನೂ ಅದರ ಅಂಚಿಗೆ ಒರೆಸಿ, ಮುಚ್ಚಳ ಒತ್ತಿದಳು. ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದಳು. ಹಳೆಯ ಕೂಲಿಯಷ್ಟಿದ್ದರೆ ಸಾಕು ಎಂದು ಹೇಳೋಣವೆಂದು ಬಾಯಿ ತೆರೆದೆ.

"ಸಂಜೆ ರೇಟೇ ತಗೊಳಿ ಅಕ್ಕ. ಒಂದ್ರೂಪಾಯಿ ಕಮ್ಮಿ ತಗೊಂಡ್ರೂ ನಾನು ಮತ್ತೆ ಬರಕಿಲ್ಲ."

ನನಗೆ ಅಳು ಬಂತು. ಅಷ್ಟು ಜನರಲ್ಲಿ ಹೆಚ್ಚಿನ ಬೆಲೆ ಕೊಡಲು ಶಕ್ತಿಯಿಲ್ಲದವಳು ಅವಳೊಬ್ಬಳೇ, ಕೊಟ್ಟವಳೂ ಅವಳೊಬ್ಬಳೇ. ಎರಡೂ ಕೈ ಒಡ್ಡಿ ತೆಗೆದುಕೊಂಡೆ. ಡಬ್ಬವನ್ನು ಮತ್ತೆ ಕಂಕುಳಿಗೆ ಏರಿಸಿಕೊಂಡು ಅವಳು ಹಿಂದಿನ ಬೀದಿಗೆ ನಡೆದಳು. ನಾಳೆಯಿಂದ ಇಲ್ಲೇ ಇಟ್ಟು ಹೋಗು, ಮಧ್ಯಾಹ್ನ ಬೀಸಿಡುತ್ತೇನೆ ಎಂದು ಹೇಳುವ ಬಾಯಿ ನನಗಿರಲಿಲ್ಲ.

ಈಗ ವಾರಕ್ಕೊಂದು ಸಂಜೆ ಅವಳು ಹಾಗೇ ಬರುತ್ತಾಳೆ, ಡಬ್ಬ ಫ್ಯಾಕ್ಟರಿಗೆ ಹೋಗಿ ಬಂದಿರುತ್ತದೆ. ನಗುತ್ತಾಳೆ, ಮೊದಲಿನಷ್ಟಲ್ಲ. ಅವಳೊಬ್ಬಳಿಗಾಗಿ ನಾನು ಮಿಷನ್ ಹಾಕುತ್ತೇನೆ, ಅವಳು ಕೈಯೊಡ್ಡಿ ಪಕ್ಕದಲ್ಲಿ ನಿಲ್ಲುತ್ತಾಳೆ. ತಿಂಗಳ ಬಿಲ್ಲಿನಲ್ಲಿ ಸಂಜೆ ಹೊತ್ತಿನದು ಬೇರೆಯೇ ಬರುತ್ತದೆ, ತೀರಾ ಸಣ್ಣದು. ಅದಷ್ಟೂ ಅವಳ ರಾಗಿಯದು.